ತೂಬು ಮರೆತ ಗೋಡೆ

ಹೊಸೂರಿನ ನಮ್ಮ ಮನೆ ತೊಟ್ಟಿ ಮನೆ. ನಡುವೆ ಆಕಾಶಕ್ಕೆ ತೆರೆದ ಚೌಕ, ಸುತ್ತ ನಾಲ್ಕು ಕಡೆ ಹೆಂಚು ಹೊದಿಸಿದ ಪಡಸಾಲೆ, ಪಡಸಾಲೆಗೆ ಅಂಟಿಕೊಂಡ ಕತ್ತಲೆ ಕೋಣೆಗಳು. ಮಳೆ ಬಂದರೆ ನಾಲ್ಕು ಸೂರಿನ ನೀರೂ ತೊಟ್ಟಿಗೆ ಸುರಿದು, ಮೂಲೆಯ ತೂಬಿನೊಳಗೆ ನುಗ್ಗಿ, ಹಿಂದಿನ ಸಂದಿಯ ಚರಂಡಿ ಸೇರುತ್ತಿತ್ತು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಪ್ಪ ಆ ತೊಟ್ಟಿಯ ನಟ್ಟನಡುವೆ ಒಂದು ಗೋಡೆ ಕಟ್ಟಿದರು. ಗೋಡೆಯ ಈಚೆ ನಾವು, ಆಚೆ ಚಿಕ್ಕಪ್ಪ. ತೂಬು ಆಚೆ ಉಳಿಯಿತು. ಬುಡದಲ್ಲಿ ನೀರಿಗೊಂದು ದಾರಿ ಬಿಡಬೇಕೆಂಬುದು ಅಪ್ಪನಿಗೆ ಹೊಳೆಯಲೇ ಇಲ್ಲ. ಮೊದಲ ಮಳೆಗೆ ನಮ್ಮ ಪಾಲಿನ ಅರ್ಧ ತೊಟ್ಟಿ ಕೆರೆಯಾಯಿತು. ನಾನು ಖುಷಿಯಿಂದ ಕಾಗದದ ದೋಣಿ ಬಿಟ್ಟೆ. ಅಮ್ಮ ಪಡಸಾಲೆಯ ಕಂಬ ಹಿಡಿದು ನಿಂತು ನೀರನ್ನೂ ಅಪ್ಪನನ್ನೂ ಒಂದೊಂದು ಸಲ ನೋಡಿದಳು.

ಗೋಡೆಗೆ ಕಾರಣ ಒಂದು ಹಲಗೆ. ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಮೀಡಿಯಮ್ಮಿನ ಮಕ್ಕಳಿಗೆ ಚರಿತ್ರೆ ಪಾಠ ಮಾಡುತ್ತಿದ್ದರು. ಪಾಠದಲ್ಲಿ ಗಟ್ಟಿಗರು, ಕೈಕೆಲಸದಲ್ಲಿ ಆಸೆ ಬಹಳ, ಹದ ಕಡಿಮೆ. ತಾತ ಬೇಗ ತೀರಿಕೊಂಡಿದ್ದರಿಂದ ತಮ್ಮ ಗೋವಿಂದನನ್ನು ಸಾಕಿ ಓದಿಸಿದ್ದು ಅವರೇ. ಚಿಕ್ಕಪ್ಪ ಐಟಿಐ ಮುಗಿಸಿ, ಆಗ ತಾನೇ ಊರ ಹೊರಗೆ ಎದ್ದಿದ್ದ ಫ್ಯಾಕ್ಟರಿಯೊಂದರಲ್ಲಿ ಲೇತ್ ಮೆಷಿನ್ನಿನ ಕೆಲಸಕ್ಕೆ ಸೇರಿದ. ಮದುವೆಯೂ ಆಯಿತು. ಚಿಕ್ಕಮ್ಮನ ತವರು ಬೇರಿಕೆ. ಅವರ ಕಡೆಯವರು ಹಬ್ಬಕ್ಕೆ ಬಂದಿದ್ದ ದಿನ, ಅಪ್ಪ ಅಡುಗೆಮನೆಯಲ್ಲಿ ತಾವೇ ಹೊಡೆದು ನಿಲ್ಲಿಸಿದ್ದ ಹಲಗೆ ಉಪ್ಪಿನಕಾಯಿ ಜಾಡಿಗಳ ಸಮೇತ ಕಿತ್ತುಕೊಂಡು ಬಿತ್ತು. ಊಟಕ್ಕೆ ಕೂತವರೆಲ್ಲ ಎಲೆ ಬಿಟ್ಟು ಎದ್ದು ಬಂದು ನೋಡಿದರು. ನೆಲವೆಲ್ಲ ಎಣ್ಣೆ, ಮಾವಿನಕಾಯಿ ಹೋಳು, ಗಾಜು. ಚಿಕ್ಕಪ್ಪ ನಗುತ್ತಾ ಬೀಗರ ಮುಂದೆ ಅಂದುಬಿಟ್ಟ:

"ನಮ್ಮಣ್ಣನ ಕೈಲಿ ಚಾಕ್‌ಪೀಸ್ ಒಂದೇ ನೆಟ್ಟಗೆ ನಿಲ್ಲೋದು."

ಎಲ್ಲರೂ ನಕ್ಕರು. ಅಪ್ಪನೂ ನಕ್ಕ ಹಾಗೆ ಮಾಡಿದರು. ಬೀಗರು ಬಸ್ಸು ಹತ್ತಿದ ಮೇಲೆ ಒಳಗೆ ಬಂದವರು, ಚಿಕ್ಕಪ್ಪನ ಕಡೆ ನೋಡದೆ, "ಇನ್ಮೇಲೆ ನಿನ್ನ ಪಾಡಿಗೆ ನೀನಿರು ಗೋವಿಂದ" ಅಂದರು. ಆಡಿದವನಿಗೆ ಅದು ತಮಾಷೆ, ಕೇಳಿದವರಿಗೆ ಅದು ಸಾಕಿದ ಕೈಗೆ ಬಿದ್ದ ಏಟು. ಚಿಕ್ಕಪ್ಪನೂ ಹಟಮಾರಿ. ತಪ್ಪಾಯ್ತು ಅನ್ನಲಿಲ್ಲ. ಒಲೆ ಎರಡಾಯಿತು. ದಸರಾ ರಜೆಯಲ್ಲಿ ಗೋಡೆ ಎದ್ದಿತು. ಗಾರೆ ಕೆಲಸದವರನ್ನು ಕರೆಯದೆ ಅಪ್ಪ ಒಬ್ಬರೇ ಹಸಿ ಇಟ್ಟಿಗೆ ಇಟ್ಟು, ಮಣ್ಣು ಕಲಸಿ ಕಟ್ಟಿದರು. ನಾನು ಬಾಣಲಿಯಲ್ಲಿ ಮಣ್ಣು ಹೊತ್ತೆ. ಚಿಕ್ಕಪ್ಪ ಆಚೆ ಪಡಸಾಲೆಯಲ್ಲಿ ಬೀಡಿ ಸೇದುತ್ತಾ ನೋಡುತ್ತಿದ್ದ. ಗೋಡೆ ಅವನ ಸೊಂಟ ಮುಟ್ಟಿತು, ಎದೆ ಮುಟ್ಟಿತು, ಆಮೇಲೆ ಅವನು ಕಾಣದಾದ. ಬೀಡಿಯ ಹೊಗೆ ಮಾತ್ರ ಮೇಲಿಂದ ಈಚೆ ಬರುತ್ತಿತ್ತು. ಮಾರನೇ ವಾರ ಅವನು ಪಕ್ಕದ ಸಂದಿಗೆ ಬಾಗಿಲು ಒಡೆಸಿಕೊಂಡ.

ಅಜ್ಜಿ ಯಾರ ಕಡೆಗೂ ಹೋಗಲಿಲ್ಲ. ಬೀದಿ ಕಡೆಯ ಜಗಲಿಗೆ ಸೇರಿದ ಸಣ್ಣ ಕೋಣೆಯಲ್ಲಿ ತನ್ನ ಚಾಪೆ, ಎಲೆಯಡಿಕೆ ಚೀಲ ಇಟ್ಟುಕೊಂಡಳು. ಬೆಳಿಗ್ಗೆ ನಮ್ಮಲ್ಲಿ ಊಟ, ರಾತ್ರಿ ಅವರಲ್ಲಿ. ಇಲ್ಲಿಂದ ಅಲ್ಲಿಗೆ ಹೋಗಬೇಕೆಂದರೆ ಬೀದಿಗಿಳಿದು, ಮೂಲೆ ತಿರುಗಿ, ಸಂದಿಯಲ್ಲಿ ನಡೆಯಬೇಕು. ಯಾರಾದರೂ ಎಲ್ಲಿಗಜ್ಜಿ ಅಂತ ಕೇಳಿದರೆ, "ಪರದೇಶಕ್ಕೆ ಹೋಗ್ಬತ್ತೀನಿ ಕಣವ್ವ" ಅನ್ನುವಳು. ಅಮ್ಮ ಸಾರು ಮಾಡಿದರೆ ಚಿಕ್ಕಮ್ಮನಿಗೆಂದು ಒಂದು ಬಟ್ಟಲು ಅಜ್ಜಿಯ ಸೆರಗಿನ ಮರೆಯಲ್ಲಿ ಹೋಗುತ್ತಿತ್ತು. ಅಲ್ಲಿಂದ ಬಟ್ಟಲು ಖಾಲಿ ಬರುತ್ತಿರಲಿಲ್ಲ. ಹೆಂಗಸರ ನಡುವೆ ಜಗಳವೇ ಇರಲಿಲ್ಲ. ಆದರೆ ಗಂಡಸರ ಜಗಳಕ್ಕೆ ಮರ್ಯಾದೆ ಕೊಟ್ಟು ಅವರೂ ಗೋಡೆಯ ಮೇಲಿಂದ ಮಾತಾಡುತ್ತಿರಲಿಲ್ಲ.

ನೀರು ನಿಂತಾಗ ಗೋಡೆಗೆ ಒಂದು ತೂತು ಹೊಡೆದರೆ ಮುಗಿಯುತ್ತಿತ್ತು. ಮನೆಯಲ್ಲಿ ಎಲ್ಲರಿಗೂ ಅದು ಗೊತ್ತಿತ್ತು. ಆದರೆ ತೂತು ಹೊಡೆದರೆ ನೀರು ಹೋಗುವುದು ಚಿಕ್ಕಪ್ಪನ ಅಂಗಳಕ್ಕೆ. ಅವನನ್ನು ಕೇಳಬೇಕು. ಗಾರೆಯವನನ್ನು ಕರೆದರೆ ಅವನು ಬಾಗಿಲಲ್ಲೇ ನಿಂತು ಅದನ್ನೇ ಹೇಳುತ್ತಾನೆ, ಸಾಲದ್ದಕ್ಕೆ ಸಂತೆಯಲ್ಲೂ ಹೇಳುತ್ತಾನೆ. ಹಾಗಾಗಿ ಅಪ್ಪ ಬೇರೆ ದಾರಿ ಹಿಡಿದರು. ಊರಿನಲ್ಲಿ ಕೆಲವರಿದ್ದರು, ಹೊಟ್ಟೆಪಾಡಿಗೆ ಬೇರೆ ಕೆಲಸ, ಬಿಡುವಿನಲ್ಲಿ ಏನಾದರೂ ಬಿಚ್ಚುವುದು ಜೋಡಿಸುವುದು. ಅಂಥವರಿಗೆ ಸುಲಭದ ಉಪಾಯ ಬೇಕಿಲ್ಲ. ಗೋಡೆಗೆ ತೂತು ಹೊಡಿ ಎಂದು ಯಾರೂ ಹೇಳುವುದಿಲ್ಲ ಅಂತ ಅಪ್ಪನಿಗೆ ಧೈರ್ಯ. ಅಮ್ಮ ಅವರನ್ನು "ನಿಮ್ಮ ಹುಚ್ಚರ ಸಂಘ" ಎಂದು ಕರೆಯುತ್ತಿದ್ದಳು.

ಸಂಘದ ಮೊದಲನೆಯವರು ಪೋಸ್ಟಾಫೀಸಿನ ಗುಮಾಸ್ತ ಸುಂದರಂ. ತಮಿಳರು, ನಮ್ಮ ಜೊತೆ ತಮಿಳು, ತೆಲುಗು, ಕನ್ನಡ ಮೂರೂ ಭಾಷೆ ಕಲಸಿ ಮಾತಾಡುವವರು. ರೇಡಿಯೋ ಹುಚ್ಚು. ಅವರ ಮನೆಯ ಮಂಚದ ಕೆಳಗೆ, ದೇವರ ಗೂಡಿನ ಪಕ್ಕ, ಎಲ್ಲೆಲ್ಲೂ ಹೊಟ್ಟೆ ಬಿಚ್ಚಿದ ರೇಡಿಯೋಗಳು. ಅಪ್ಪ ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನ ಕೈ ಹಿಡಿದು ಹೊರಟರು. ಬಾಗಿಲ ಹತ್ತಿರ ಬಂದ ಮೇಲೆ ಅವರಿಗೆ ನಾಚಿಕೆ ಶುರುವಾಯಿತು. ಮೇಷ್ಟರಾದವರು ಇನ್ನೊಬ್ಬರನ್ನು ನನಗೆ ತಿಳಿಯದು, ಹೇಳಿಕೊಡಿ ಎಂದು ಕೇಳುವುದು ಹೇಗೆ?

"ಸರೋಜ, ನೀನೇ ಕೇಳು."

"ಏನಂತ ಅಪ್ಪ?"

"ತೊಟ್ಟೀಲಿ ನೀರು ನಿಲ್ತದೆ, ಏನು ಮಾಡಬೋದು ಅಂತ ಕೇಳು. ಸ್ಕೂಲಲ್ಲಿ ಹೇಳಿದಾರೆ ಅನ್ನು."

"ಉಳ್ಳೆ ವಾಂಗೋ ಸಾರ್, ವಾ ಪಾಪ್ಪಾ" ಎಂದು ಸುಂದರಂ ಒಳಗೆ ಕರೆದರು. ನಾನು ಕೇಳಿದೆ. ಸ್ಕೂಲಿನ ಸುಳ್ಳನ್ನು ಮರೆತು, ನಮ್ಮ ಅಪ್ಪ ಗೋಡೆ ಕಟ್ಟಿದ್ದಾರೆ, ನೀರು ಹೋಗಲ್ಲ ಅಂದುಬಿಟ್ಟೆ. ಅಪ್ಪ ಸೂರು ನೋಡುತ್ತಾ ಕೂತರು. ಸುಂದರಂ ಗಂಭೀರವಾಗಿ ಯೋಚಿಸಿದರು. ಮುಂದಿನ ಭಾನುವಾರ ನಮ್ಮ ಮನೆಗೇ ಬಂದು, ತೊಟ್ಟಿಯಲ್ಲಿ ಎರಡು ತಂತಿ ನೆಟ್ಟು, ಬ್ಯಾಟರಿ, ಸೈಕಲ್ಲಿನದೊಂದು ವಿದ್ಯುತ್ ಗಂಟೆ ಜೋಡಿಸಿದರು. ನೀರು ಏರಿ ತಂತಿ ಮುಟ್ಟಿದರೆ ಗಂಟೆ ಹೊಡೆಯುತ್ತದೆ. ಅಪ್ಪನಿಗೆ ಬಹಳ ಸಂತೋಷವಾಯಿತು. ಸುಂದರಂಗೆ ಕಾಫಿ ಕೊಡಲು ಬಂದ ಅಮ್ಮ ಲೋಟ ಕೊಟ್ಟು, ನಿಧಾನವಾಗಿ ಕೇಳಿದಳು:

"ನೀರು ಬಂದದ್ದು ಕಣ್ಣಿಗೇ ಕಾಣ್ತದಲ್ಲಣ್ಣ. ಹೋಗಾಕೇನಾದ್ರೂ ಮಾಡಕಾಯ್ತದಾ?"

ಸುಂದರಂ ಕಾಫಿ ಕುಡಿದು, "ಅದು ನಮ್ಮ ಡಿಪಾರ್ಟ್‌ಮೆಂಟ್ ಇಲ್ಲೆ ಅಮ್ಮಾ" ಅಂದರು. ಆ ಗಂಟೆ ಮಳೆಗೆ ಮಾತ್ರವಲ್ಲ, ಅಮ್ಮ ಪಾತ್ರೆ ತೊಳೆದ ನೀರಿಗೂ ಹೊಡೆಯುತ್ತಿತ್ತು. ಅಜ್ಜಿ ಪ್ರತಿ ಸಲವೂ "ಲೇ ಸರೋಜಿ, ಇಸ್ಕೂಲ್ ಗಂಟೆ ಆಯ್ತು, ಹೋಗು" ಎಂದು ಜಗಲಿಯಿಂದ ಕೂಗುವಳು.

ಎರಡನೆಯವರು ಬಾಗಲೂರು ರಸ್ತೆಯ ವೆಂಕಟ ರೆಡ್ಡಿ. ಬಟ್ಟೆ ಅಂಗಡಿ ಇಟ್ಟಿದ್ದರು, ಹುಚ್ಚು ಮಾತ್ರ ಕಾರಂಜಿಯದು. ಮನೆಯ ಹಿಂದೆ ಸಿಮೆಂಟಿನ ತೊಟ್ಟಿ, ಅದರೊಳಗೆ ಕೆಂಪು ಮೀನು, ನಡುವೆ ಸಿಮೆಂಟಿನ ಕೊಕ್ಕರೆ. ಕೊಕ್ಕರೆಯ ಕೊಕ್ಕಿನಿಂದ ನೀರು ಚಿಮ್ಮಬೇಕು. ಎಷ್ಟೋ ಸಲ ಕತ್ತಿನಿಂದ ಚಿಮ್ಮುತ್ತಿತ್ತು. "ರಾಮ್ಮಾ ರಾ" ಎಂದು ನನ್ನನ್ನು ಕರೆದು ಕೂರಿಸಿ, ಒಂದು ಬೆಲ್ಲದ ಚೂರು ಕೊಟ್ಟು ಎಲ್ಲ ಕೇಳಿಕೊಂಡರು. ಎಷ್ಟು ಉದ್ದ, ಎಷ್ಟು ಅಗಲ, ನೀರು ಎಷ್ಟು ಎತ್ತರ ಏರಬೇಕು. ನಾನು ಕೈಯಲ್ಲಿ ಅಳತೆ ತೋರಿಸಿದೆ. ಅಪ್ಪ ಮೆಲ್ಲಗೆ ನಾಚಿಕೆ ಬಿಟ್ಟು ಮಾತಿಗಿಳಿದರು. ನೀರನ್ನು ಮೇಲೆತ್ತಿ, ನಮ್ಮ ಅಡುಗೆಮನೆಯ ಕಿಟಕಿಯಿಂದ ಬೀದಿಯ ಚರಂಡಿಗೆ ದಾಟಿಸುವ ಕೈಪಂಪು ಮಾಡುವುದೆಂದು ತೀರ್ಮಾನವಾಯಿತು.

ಆ ಪಂಪು ಮಾಡಿದ ತಿಂಗಳುಗಳೇ ನನ್ನ ಬಾಲ್ಯದ ಒಳ್ಳೆಯ ಕಾಲ ಅಂತ ಈಗ ಅನ್ನಿಸುತ್ತದೆ. ಸಂಜೆ ಸ್ಕೂಲು ಬಿಟ್ಟ ಮೇಲೆ ಅಪ್ಪ ಪಂಚೆ ಎತ್ತಿಕಟ್ಟಿ ಪಡಸಾಲೆಯಲ್ಲಿ ಕೂರುವರು. ಪೈಪು, ಕೋಲು, ಹಳೇ ಸೈಕಲ್ ಟೈರು, ಚಪ್ಪಲಿ ಅಂಗಡಿಯಿಂದ ತಂದ ಚರ್ಮದ ತುಂಡು. ನಾನು ಹಿಡಿಯುವುದು, ಅವರು ಕೊಯ್ಯುವುದು. ಬೆರಳು ಕೊಯ್ದುಕೊಂಡರೆ ಅರಿಶಿನ ಹಚ್ಚುವುದು. ತಿಳಿಯದಿದ್ದರೆ ಮತ್ತೆ ರೆಡ್ಡಿಯವರ ಮನೆಗೆ, ಮತ್ತೆ ಪೋಸ್ಟಾಫೀಸಿಗೆ, ಒಮ್ಮೆ ಡೆಂಕಣಿಕೋಟೆಯ ತನಕ ಬಸ್ಸಿನಲ್ಲಿ, ಅಲ್ಲಿ ಯಾರೋ ತೋಟಕ್ಕೆ ಇಂಥದ್ದೇ ಪಂಪು ಮಾಡಿದ್ದಾರೆಂದು ಕೇಳಿ. ಎಲ್ಲ ಕಡೆಯೂ ಬಾಯಿ ಬಿಡುತ್ತಿದ್ದವಳು ನಾನೇ. ದೊಡ್ಡವರನ್ನು ಹೇಗೆ ಕೇಳಬೇಕು, ಹೇಳಿದ್ದು ಅರ್ಥವಾಗದಿದ್ದರೆ ಮುಖ ಕೆಂಪು ಮಾಡಿಕೊಳ್ಳದೆ ಮತ್ತೆ ಹೇಗೆ ಕೇಳಬೇಕು, ಇದೆಲ್ಲ ನನಗೆ ಆಗ ಬಂತು. ಮುಂದೆ ನರ್ಸ್ ಆಗಿ ಆಸ್ಪತ್ರೆ ಸೇರಿದಾಗ, ಡಾಕ್ಟರ ಮುಂದೆ ಬಾಯಿ ಬಿಡಲು ಹೆದರುತ್ತಿದ್ದ ಜೊತೆಯವರು "ನಿಂಗೆ ಭಯಾನೇ ಇಲ್ವಾ" ಅನ್ನುತ್ತಿದ್ದರು. ಭಯ ಇತ್ತು. ಕೇಳುವುದು ಮಾತ್ರ ಅಭ್ಯಾಸವಾಗಿತ್ತು.

ಪಂಪು ಸರಿಯಾಗಿ ನೀರೆಳೆಯಲಿಲ್ಲ. ಎಳೆದ ನೀರೆಲ್ಲ ವಾಪಸ್ಸು ಇಳಿಯುತ್ತಿತ್ತು. ಅದೇ ಹೊತ್ತಿಗೆ ಅಮ್ಮ ಇನ್ನೊಂದು ವಿಷಯ ನೋಡಿದ್ದಳು. ನಮ್ಮ ಮನೆಯ ಗೋಡೆಗಳು ಹಳೆಯ ಮಣ್ಣಿನವು. ತೊಟ್ಟಿಯ ಪಕ್ಕ ರಾಗಿ ಮೂಟೆ ಇಡುವ ಕೋಣೆಯ ಗೋಡೆಯ ಬುಡದಲ್ಲಿ ಸುಣ್ಣ ಉಬ್ಬಿ ಉದುರುತ್ತಿತ್ತು. ಬೆರಳಿಟ್ಟರೆ ಮಣ್ಣು ಮೆತ್ತಗೆ. ಒಂದು ರಾತ್ರಿ ಊಟಕ್ಕೆ ಬಡಿಸುವಾಗ ಅವಳು ಮುದ್ದೆಯ ಹೆಡಿಗೆ ಕೆಳಗಿಟ್ಟು ಹೇಳಿದಳು:

"ನಿಮ್ಮ ಪಂಪು ಇನ್ನೂ ಎಷ್ಟು ದಿನ ಆಯ್ತದೋ ಆಗ್ಲಿ. ನನಗೊಂದು ಹಾರೆ ಕೊಡಿ. ನಾನೇ ತೂತು ಹೊಡೀತೀನಿ."

"ಅವನ ಅಪ್ಪಣೆ ಕೇಳ್ಬೇಕಾ ನಾನು?"

"ಅಪ್ಪಣೆ ಯಾಕೆ, ಒಂದು ಮಾತು ಕೇಳಿ. ಊರಲ್ಲಿರೋರನ್ನೆಲ್ಲ ಕೇಳ್ಕಂಡು ಬಂದ್ರಿ. ಗೋಡೆ ಪಕ್ಕ ಇರೋನನ್ನ ಕೇಳಾಕೆ ಆಗಲ್ವಾ?"

ಅಪ್ಪ ಎಲೆ ಬಿಟ್ಟು ಎದ್ದರು. ಅಮ್ಮನೂ ಉಣ್ಣಲಿಲ್ಲ. ನಾನು ಮಾತ್ರ ಹಸಿವು ತಡೆಯಲಾರದೆ ಇಬ್ಬರ ನಡುವೆ ಕೂತು ಪೂರ್ತಿ ಉಂಡೆ.

ಸ್ವಲ್ಪ ದಿನಕ್ಕೆ ರೆಡ್ಡಿಯವರು ಬಟ್ಟೆ ಅಂಗಡಿಯ ಹುಡುಗನ ಕೈಲಿ ಒಂದು ಪೊಟ್ಟಣ ಕಳಿಸಿದರು. ಒಳಗೆ ಹಿತ್ತಾಳೆಯ ವಾಲ್ವು. ಉಂಗುರದ ಹಾಗೆ ನುಣುಪು, ಮುಚ್ಚಳ ತೆರೆದು ಮುಚ್ಚಿದರೆ ಸದ್ದೇ ಇಲ್ಲ. ಅಪ್ಪ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದರು. ಪಂಪಿಗೆ ಹಾಕಿದರು. ನೀರು ಎದ್ದು ಕಿಟಕಿ ದಾಟಿ ಬೀದಿಗೆ ಬಿತ್ತು. ಥ್ಯಾಂಕ್ಸ್ ಹೇಳಿ ಬಾ ಎಂದು ನನ್ನನ್ನು ಕಳಿಸಿದರು. ನಾನು ಓಡಿದೆ. ರೆಡ್ಡಿಯವರ ಹಿತ್ತಿಲಲ್ಲಿ ಪೇರಲೆ ಮರಕ್ಕೆ ಒರಗಿಸಿದ್ದ ಸೈಕಲ್ಲು ಚಿಕ್ಕಪ್ಪನದು. ಅದರ ಸೀಟಿಗೆ ಚಿಕ್ಕಮ್ಮ ಹೊಲಿದ ಹಸಿರು ಗವಸು ಇತ್ತು. ಅವನು ನನ್ನ ಕಡೆ ಬೆನ್ನು ಮಾಡಿ ಕೂತು ಕೊಕ್ಕರೆಯ ಕತ್ತು ಬಿಚ್ಚುತ್ತಿದ್ದ. ಅಪ್ಪ ಎಲ್ಲೆಲ್ಲಿ ಎಡವುತ್ತಿದ್ದಾರೆಂದು ಅಷ್ಟು ದಿನವೂ ರೆಡ್ಡಿಯವರಿಂದ ತಿಳಿದುಕೊಂಡು, ಮುಂದೇನೆಂದು ಹೇಳಿ ಕಳಿಸುತ್ತಿದ್ದವನು, ಆ ವಾಲ್ವು ಮಾಡಿದವನು ಅವನೇ ಎಂದು ಆಗ ನನಗೆ ಹೊಳೆಯಿತು. ನಾನು ಮಾತಾಡಿಸದೆ ವಾಪಸ್ಸು ಬಂದು ಅಮ್ಮನ ಕಿವಿಯಲ್ಲಿ ಹೇಳಿದೆ.

"ನಿಮ್ಮಪ್ಪಂಗೆ ಹೇಳ್ಬೇಡ ಕಣಮ್ಮಿ" ಅಂದಳು ಅಮ್ಮ. ಒಲೆ ಊದುತ್ತಿದ್ದವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಗೊತ್ತಾದ್ರೆ ಕಿತ್ತು ಬಿಸಾಕ್ಬುಡ್ತಾರೆ. ನೀರಾದ್ರೂ ಹೋಗ್ಲಿ."

ಗೋಡೆ ಎದ್ದ ಎರಡನೇ ವರ್ಷದ ಹಿಂಗಾರು ಜೋರು. ಒಂದು ಭಾನುವಾರ ಮಧ್ಯಾಹ್ನ ಊಟವಾಗಿ ಅಪ್ಪ ಒರಗಿದ್ದರು. ಬೆಟ್ಟದ ಕಡೆಯಿಂದ ಕಪ್ಪಾಗಿ ಬಂದ ಮಳೆ ಹೆಂಚಿನ ಮೇಲೆ ಕಲ್ಲು ಸುರಿದ ಹಾಗೆ ಬಿತ್ತು. ಸುಂದರಂ ಅವರ ಗಂಟೆ ಹೊಡೆದುಕೊಂಡಿತು. ಅಪ್ಪ ಎದ್ದು ಪಂಚೆ ಕಟ್ಟಿ ತೊಟ್ಟಿಗೆ ಇಳಿದು ಪಂಪು ಒತ್ತತೊಡಗಿದರು. ನೀರು ಏರುತ್ತಲೇ ಇತ್ತು. ಅಪ್ಪ ಇನ್ನೂ ಜೋರು ಒತ್ತಿದರು. ವಾಲ್ವಿಗೆ ಏನೂ ಆಗಲಿಲ್ಲ. ಅಪ್ಪ ತಾವೇ ಹೆರೆದು ಮಾಡಿದ್ದ ಕೋಲು ಲಟಕ್ಕನೆ ಮುರಿಯಿತು. ಅರ್ಧ ಕೋಲು ಕೈಯಲ್ಲಿ ಹಿಡಿದು ಅವರು ಮೊಣಕಾಲು ನೀರಿನಲ್ಲಿ ನಿಂತುಬಿಟ್ಟರು. ಗಂಟೆ ಕೂಡ ಮುಳುಗಿ ನಿಂತಿತು. ಅಮ್ಮ ರಾಗಿ ಕೋಣೆಯಿಂದ ಕೂಗಿದಳು:

"ಗೋಡೆ ಬಾಯಿ ಬಿಡ್ತಾ ಐತೆ. ಬನ್ನಿ ಇಲ್ಲಿ!"

ಬುಡದಲ್ಲಿ ಬೆರಳು ತೂರುವಷ್ಟು ಬಿರುಕು. ಅಮ್ಮ ಮೂಟೆಗಳನ್ನು ಎಳೆಯುತ್ತಿದ್ದಳು. ನಾನು ಅಳತೊಡಗಿದೆ. ಆಗ ತೊಟ್ಟಿಯ ಗೋಡೆಯಲ್ಲಿ ಸದ್ದು ಕೇಳಿಸಿತು. ಧಡ್, ಧಡ್. ಆಚೆಯಿಂದ ಯಾರೋ ಹಾರೆ ಹಾಕುತ್ತಿದ್ದರು.

"ಯಾರದು?" ಅಂದರು ಅಪ್ಪ.

ಅಜ್ಜಿ ಗೋಣಿ ಕೊಪ್ಪೆ ಹಾಕಿಕೊಂಡು ಜಗಲಿಯಿಂದ ಒಳಗೆ ಬಂದಿದ್ದಳು. "ಯಾರು ಅಂತ ಗೊತ್ತಿಲ್ವೇನ್ಲಾ ನಿಂಗೆ?" ಎಂದು ಗದರಿದಳು. ಅಪ್ಪ ಒಂದು ಗಳಿಗೆ ನಿಂತು, ಮೂಲೆಯಲ್ಲಿದ್ದ ನಮ್ಮ ಹಾರೆ ತಂದು ಈಚೆಯಿಂದ ಹೊಡೆಯತೊಡಗಿದರು. ಹಸಿ ಇಟ್ಟಿಗೆ ನೆನೆದಿತ್ತು, ಮುದ್ದೆ ಮುದ್ದೆಯಾಗಿ ಬಂತು. ಎಷ್ಟು ಹೊಡೆದರೂ ಎರಡೂ ಕಡೆಯ ತೂತು ಕೂಡಲಿಲ್ಲ. ಅಪ್ಪ ಹೊಡೆಯುವುದು ಒಂದು ಕಡೆ, ಸದ್ದು ಬರುವುದು ಇನ್ನೊಂದು ಕಡೆ.

"ಸರೋಜ, ಎಲ್ಲಿ ಹೊಡೀತಾ ಇದಾನೆ ಕೇಳು."

ನಾನು ಗೋಡೆಗೆ ಬಾಯಿಟ್ಟು ಕೂಗಿದೆ. "ಚಿಕ್ಕಪ್ಪಾ, ಎಲ್ಲಿ ಹೊಡೀತಿದ್ದೀಯ ಅಂತ ಅಪ್ಪ ಕೇಳ್ತಾರೆ."

"ತೂಬಿಗೆ ನೇರ ಅಂತ ಹೇಳು ನಿಮ್ಮಪ್ಪಂಗೆ."

"ತೂಬಿಗೆ ನೇರ ಅಂತೆ ಅಪ್ಪ."

"ತೂಬು ನಂಗೆಲ್ಲಿ ಕಾಣ್ತದೆ ಅಂತ ಕೇಳು."

"ಎಡಕ್ಕೆ ಬರಕ್ಕೇಳು."

"ಎಡಕ್ಕಂತೆ ಅಪ್ಪ."

ಅಪ್ಪ ಎಡಕ್ಕೆ ಸರಿದು ಹೊಡೆದರು. ಸದ್ದು ಇನ್ನೂ ದೂರವಾಯಿತು. ರಾಗಿ ಕೋಣೆಯಲ್ಲಿ ಮಣ್ಣಿನ ಹೆಂಟೆ ಬಿದ್ದ ಸದ್ದು. ಅಪ್ಪ ನನ್ನನ್ನು ಪಕ್ಕಕ್ಕೆ ಸರಿಸಿ, ಗೋಡೆಯ ಮೇಲೆ ಎರಡೂ ಕೈಯಿಟ್ಟು, ಕ್ಲಾಸಿನಲ್ಲಿ ಕೂಗುವ ದನಿಯಲ್ಲಿ ಕೂಗಿದರು:

"ಲೋ ಗೋವಿಂದಾ! ನಿನ್ನ ಎಡಾನೋ, ನನ್ನ ಎಡಾನೋ?"

ಆಚೆ ಹಾರೆ ನಿಂತಿತು. ಮಳೆ ಒಂದೇ ಸಮ ಬೀಳುತ್ತಿತ್ತು. ಅಜ್ಜಿ ಕೊಪ್ಪೆಯೊಳಗಿಂದ ಕತ್ತು ಚಾಚಿ ಗೋಡೆಯನ್ನೇ ನೋಡುತ್ತಿದ್ದಳು.

"ನನ್ನ ಎಡ ಕಣಣ್ಣ" ಅಂದ ಚಿಕ್ಕಪ್ಪ. "ನೀನು ಬಲಕ್ಕೆ ಬಾ. ಇನ್ನೊಂಚೂರು. ಹಾ, ಅಲ್ಲೇ. ಬುಡಕ್ಕೆ ಹಾಕು."

ನಾಲ್ಕಾರು ಏಟಿಗೆ ನೀರಿನಲ್ಲಿ ಸುಳಿ ಎದ್ದಿತು. ಆಮೇಲೆ ಒಂದೇ ಸಲ ಎಲ್ಲ ನೀರೂ ಆ ಕಡೆ ನುಗ್ಗಿತು. ತೊಟ್ಟಿಯಲ್ಲಿದ್ದ ಚೊಂಬು, ನನ್ನ ಒಂದು ಚಪ್ಪಲಿ, ಸುಂದರಂ ಅವರ ತಂತಿ ಎಲ್ಲವೂ ಹೋದವು. ಆಚೆಯಿಂದ ಚಿಕ್ಕಮ್ಮ ಕಿರುಚಿದ್ದು ಕೇಳಿತು, ಹಿಂದೆಯೇ ನಗು. "ಅಕ್ಕಾ, ನಮ್ಮನೆ ಪೂರ್ತಿ ಕೆಸರು ಕಣಕ್ಕಾ!" ಎಂದು ಎರಡು ವರ್ಷದಲ್ಲಿ ಮೊದಲ ಸಲ ಗೋಡೆಯ ಮೇಲಿಂದ ಕೂಗಿದಳು. ಅಮ್ಮ ಪೊರಕೆ ಹಿಡಿದು ಬೀದಿ ಸುತ್ತಿ ಅವರ ಮನೆಗೆ ಓಡಿದಳು.

ಅಪ್ಪ ಬಗ್ಗಿ ತೂತಿನಲ್ಲಿ ನೋಡಿದರು. ಆಚೆಯಿಂದ ಚಿಕ್ಕಪ್ಪನೂ ಬಗ್ಗಿದ್ದ. ಇಬ್ಬರ ಮುಖಕ್ಕೂ ಕೆಸರು.

"ಕಟ್ಟೋವಾಗ್ಲೇ ಗೊತ್ತಿತ್ತೇನ್ಲಾ ನಿಂಗೆ, ನೀರಿಗೆ ದಾರಿ ಬಿಟ್ಟಿಲ್ಲ ಅಂತ?"

"ಗೊತ್ತಿತ್ತು ಕಣಣ್ಣ. ಹೇಳಾಣ ಅಂತ ದಿನಾ ಬಂದು ನಿಂತ್ಕಂತಿದ್ದೆ. ನೀನು ನನ್ನ ಮುಖಾನೇ ನೋಡ್ಲಿಲ್ಲ." ಮುಖದ ಕೆಸರು ಒರೆಸಿಕೊಂಡು ಸೇರಿಸಿದ: "ಬೀಗರ ಮುಂದೆ ಹಂಗನ್ನಬಾರ್ದಿತ್ತು."

ಅಪ್ಪ ತೂತಿನಲ್ಲಿ ಸಿಕ್ಕಿಕೊಂಡಿದ್ದ ಒಂದು ಇಟ್ಟಿಗೆ ಚೂರನ್ನು ಕಿತ್ತು ಪಕ್ಕಕ್ಕಿಟ್ಟರು. "ಜ್ವರ ಬಂದಾತು, ತಲೆ ಒರೆಸ್ಕೋ ಹೋಗು" ಅಂದರು.

ರಾಗಿ ಕೋಣೆಯ ಗೋಡೆ ಬೀಳಲಿಲ್ಲ. ಸಂಜೆಯೇ ಚಿಕ್ಕಪ್ಪ ಬಂದು ಎರಡು ತೊಲೆ ಆನಿಸಿ ನಿಲ್ಲಿಸಿದ. ತೊಟ್ಟಿಯ ಗೋಡೆಯೂ ಬೀಳಲಿಲ್ಲ. ಅದನ್ನು ಕೆಡವೋಣ ಅಂತ ಯಾರೂ ಹೇಳಲಿಲ್ಲ, ಒಲೆಗಳು ಕೊನೆಯ ತನಕ ಎರಡೇ ಇದ್ದವು. ಆದರೆ ಆ ಸಂಜೆ ಎರಡು ಮನೆಯ ನೆಲವೂ ಒದ್ದೆ, ಒಲೆಯೂ ಒದ್ದೆ. ಅಜ್ಜಿ ತನ್ನ ಜಗಲಿಯಲ್ಲಿ ಮೂರು ಕಲ್ಲು ಹೂಡಿ, ಒಣ ಸೌದೆ ಎಲ್ಲಿಂದಲೋ ತರಿಸಿ, ಹುರುಳಿಕಾಳು ಸಾರು ಮಾಡಿ ಮುದ್ದೆ ತಿರುವಿದಳು. ತನ್ನ ಗಂಡುಮಕ್ಕಳಿಬ್ಬರನ್ನೂ ಅಕ್ಕಪಕ್ಕ ಕೂರಿಸಿ ತಟ್ಟೆ ಇಟ್ಟಳು. ಇಬ್ಬರೂ ತಲೆ ತಗ್ಗಿಸಿ ಉಂಡರು. ಬೀದಿಯಲ್ಲಿ ಹೋಗುವವರು ನಿಧಾನಿಸಿ ನೋಡಿಕೊಂಡು ಹೋದರು.

"ಆ ವಾಲ್ವು" ಅಂದರು ಅಪ್ಪ, ಸಾರು ಕಲಸುತ್ತಾ. "ಒಳ್ಳೇ ಕೆಲಸ."

ಚಿಕ್ಕಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಅಮ್ಮ ನನ್ನ ಕಡೆ ನೋಡಿದಳು. ನಾನು ಹೇಳಿಲ್ಲ ಎಂದು ತಲೆಯಾಡಿಸಿದೆ.

"ರೆಡ್ಡಿಗೆ ಲೇತ್ ಎಲ್ಲಿಂದ ಬರಬೇಕು?" ಅಂದರು ಅಪ್ಪ. ಅಷ್ಟೇ. ಆಮೇಲೆ, "ನಾಳೆ ಆ ತೂತಿಗೆ ಪೈಪು ಹಾಕ್ಬೇಕು. ನಾಕಿಂಚು ಸಾಕಲ್ವಾ?"

"ನಾಕಿಂಚು ಎಲ್ಲಿಗೆ ಸಾಲ್ತದೆ? ಆರಿಂಚು ಬೇಕು."

"ಆರಿಂಚು ಹಾಕಿದ್ರೆ ಹೆಗ್ಗಣ ಬರ್ತವೆ."

"ಜಾಲರಿ ಹಾಕಣ."

"ಜಾಲರಿಗೆ ಕಸ ಕಟ್ಕೊಳ್ಳಲ್ವೇನ್ಲಾ?"

"ಕಟ್ಕಂಡ್ರೆ ತೆಗೆಯೋದಪ್ಪ. ನಿಂಗೆ ಹೇಳಿದ್ರೆ ತಿಳಿಯಲ್ಲ ಕಣಣ್ಣ."

ಚಿಕ್ಕಮ್ಮ ಗಾಬರಿಯಿಂದ ಗಂಡನ ತೋಳು ತಟ್ಟಿದಳು. ಅಜ್ಜಿ ಬೇಡ ಎಂದು ಕೈ ಬೀಸಿ, ಇಬ್ಬರ ತಟ್ಟೆಗೂ ಇನ್ನೊಂದೊಂದು ಮುದ್ದೆ ಹಾಕಿದಳು.

"ಆಡ್ಕಳ್ಳಿ ಬುಡೇ" ಅಂದಳು. "ಮಾತಾಡ್ಕಂಡು ಜಗಳ ಆಡ್ತಾವ್ರಲ್ಲ."